ನಾನೇ ನಾನು ಅಂತ ಯಾರು ಹೇಳಬೇಕು?

1685ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರೊಬ್ಬರ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮನುಷ್ಯ ಅಡಗಿ ಕುಳಿತಿದ್ದ. ಅಲ್ಲಿ ಅವನ ಹೆಸರು ಡಾಕ್ಟರ್ ಫಾನ್ ಡರ್ ಲಿಂಡನ್. ವಯಸ್ಸು ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಲಂಡನ್ನಿನ ಹೊಗೆ ತಡೆಯದ ಎದೆ. ಇಂಗ್ಲೆಂಡಿನ ಸರ್ಕಾರ ತನಗೆ ಬೇಕಾದವರ ಪಟ್ಟಿಯೊಂದನ್ನು ಡಚ್ಚರ ಕೈಗೆ ಕೊಟ್ಟಿತ್ತು. ಅದರಲ್ಲಿ ಇವನ ನಿಜವಾದ ಹೆಸರಿತ್ತು: ಜಾನ್ ಲಾಕ್, ಮುಂದೆ ದೊಡ್ಡ ತತ್ತ್ವಜ್ಞಾನಿ ಅಂತ ಹೆಸರಾದವನು.

ಅದರ ಹಿಂದಿನ ವರ್ಷವೇ ರಾಜನ ಅಪ್ಪಣೆಯ ಮೇಲೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಿಂದ ಅವನನ್ನು ತೆಗೆದುಹಾಕಿದ್ದರು. ಕಾಲ ಬದಲಾಗಿ 1689ರಲ್ಲಿ ಅವನು ಊರಿಗೆ ಮರಳಿದ. ಆದರೆ ಅಡಗುವ ಅಭ್ಯಾಸ ಹೋಗಲಿಲ್ಲ. ಸರ್ಕಾರದ ಬಗ್ಗೆ ಬರೆದ ಅವನ ದೊಡ್ಡ ಪುಸ್ತಕ ಹೆಸರಿಲ್ಲದೆ ಅಚ್ಚಾಯಿತು. ಅದು ತನ್ನದೇ ಅಂತ ಅವನು ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮೊದಲು, ಉಯಿಲಿಗೆ ಸೇರಿಸಿದ ಒಂದು ಟಿಪ್ಪಣಿಯಲ್ಲಿ. ಹೀಗೆ ವರ್ಷಗಟ್ಟಲೆ ತನ್ನ ಹೆಸರನ್ನು ಬಚ್ಚಿಟ್ಟುಕೊಂಡು ಓಡಾಡಿದ ಮನುಷ್ಯನೇ, ನಿನ್ನೆಯ ನಾನೂ ಇವತ್ತಿನ ನಾನೂ ಒಬ್ಬನೇ ಹೇಗೆ ಅನ್ನೋ ಪ್ರಶ್ನೆಗೆ ಯುರೋಪಿನಲ್ಲಿ ಎಲ್ಲರ ನಿದ್ದೆ ಕೆಡಿಸಿದ ಉತ್ತರ ಕೊಟ್ಟ. ಈ ತಮಾಷೆ ನನಗೆ ಇನ್ನೂ ಹಳೆಯದಾಗಿಲ್ಲ.

ಆ ಉತ್ತರ ಬಂದ ದಾರಿಯೂ ಸ್ವಾರಸ್ಯವಾಗಿದೆ. ಮನುಷ್ಯನ ತಿಳಿವಳಿಕೆಯ ಬಗ್ಗೆ ಲಾಕ್ ಬರೆದ ಪ್ರಬಂಧದ ಮೊದಲ ಆವೃತ್ತಿಯಲ್ಲಿ ಈ ವಿಷಯಕ್ಕೆ ಅಧ್ಯಾಯವೇ ಇರಲಿಲ್ಲ. ಡಬ್ಲಿನ್ನಿನಲ್ಲಿದ್ದ ವಿಲಿಯಂ ಮೊಲಿನ್ಯೂ ಅನ್ನುವವನು, ಅವನೂ ವಿಜ್ಞಾನದ ಹುಚ್ಚಿನವನು, ಕಾಗದ ಬರೆದು ಇದರ ಬಗ್ಗೆಯೂ ಬರೆಯಿರಿ ಅಂತ ಕೇಳಿದ. ಲಾಕ್ ಬರೆದ. 1694ರ ಎರಡನೇ ಆವೃತ್ತಿಯಲ್ಲಿ ಅದು ಸೇರಿತು. ಈ ಇಬ್ಬರು ವರ್ಷಗಟ್ಟಲೆ ಕಾಗದದಲ್ಲೇ ಸ್ನೇಹ ಮಾಡಿದವರು. ಮುಖಾಮುಖಿ ಭೇಟಿಯಾದದ್ದು 1698ರಲ್ಲಿ ಮಾತ್ರ. ಆ ಭೇಟಿ ಮುಗಿಸಿ ಡಬ್ಲಿನ್ನಿಗೆ ಮರಳಿದ ಮೊಲಿನ್ಯೂ ಅದೇ ವರ್ಷ ತೀರಿಕೊಂಡ.

ಅಷ್ಟರವರೆಗೆ ಉತ್ತರ ಸುಲಭವಾಗಿತ್ತು. ನೀನು ನೀನೇ ಯಾಕೆ? ನಿನ್ನೊಳಗೆ ಒಂದೇ ಆತ್ಮ ಇದೆ, ಅದಕ್ಕೆ. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ಇದನ್ನೇ ಹೊಸ ಬಟ್ಟೆ ತೊಡಿಸಿ ಹೇಳಿದ. ಯೋಚಿಸುವ ವಸ್ತು ಒಂದು, ಜಾಗ ಹಿಡಿಯುವ ವಸ್ತು ಇನ್ನೊಂದು, ನಾನು ಮೊದಲನೆಯದು. ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ 1643ರಲ್ಲಿ ಅವನಿಗೆ ಕಾಗದ ಬರೆದು, ಜಾಗವನ್ನೇ ಹಿಡಿಯದ ಆತ್ಮ ಈ ದೇಹವನ್ನು ತಳ್ಳೋದು ಹೇಗೆ ಅಂತ ಕೇಳಿದಳು. ಡೆಕಾರ್ಟ್ ಕೊಟ್ಟ ಉತ್ತರದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅದು ಬೇರೆ ಕಥೆ.

ಲಾಕ್ ಆತ್ಮವಿಲ್ಲ ಅಂತ ಹೇಳಲಿಲ್ಲ. ಅದಕ್ಕಿಂತ ಜಾಣತನದ ಕೆಲಸ ಮಾಡಿದ. ಆತ್ಮ ಇದ್ದರೂ ಈ ಪ್ರಶ್ನೆಗೆ ಅದರಿಂದ ಏನೂ ಉಪಯೋಗವಿಲ್ಲ ಅಂದ. ಅವನ ಲೆಕ್ಕದಲ್ಲಿ ಒಬ್ಬ ವ್ಯಕ್ತಿ ಅಂದರೆ ಬುದ್ಧಿಯಿರುವ ಜೀವಿ, ತನ್ನನ್ನು ತಾನೇ 'ನಾನು' ಅಂತ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಲ್ಲಿ ಗುರುತಿಸಿಕೊಳ್ಳಬಲ್ಲ ಜೀವಿ. ಆ ಅರಿವು ಹಿಂದಕ್ಕೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ನೀನು. ಕಳೆದ ಚಳಿಗಾಲದಲ್ಲಿ ಥೇಮ್ಸ್ ನದಿ ಉಕ್ಕಿದ್ದನ್ನು ನಾನು ನೋಡಿದೆ ಅಂತ ನನಗೆ ಗೊತ್ತಿದೆ. ಅದೇ ರೀತಿ ಬೈಬಲಿನ ನೋಹನ ಪ್ರಳಯವನ್ನೂ ಅವನ ಹಡಗನ್ನೂ ನಾನೇ ನೋಡಿದೆ ಅನ್ನೋ ಅರಿವು ನನಗಿದ್ದರೆ, ಅದನ್ನು ನೋಡಿದವನೂ ನಾನೇ ಅಂದ. ಆತ್ಮ ಅದೇನಾ ಬೇರೆಯಾ ಅಂತ ಕೇಳೋ ಅಗತ್ಯವೇ ಇಲ್ಲ.

ಅವನ ಉದಾಹರಣೆಗಳು ವಿಚಿತ್ರ. ರಾಜಕುಮಾರನ ಆತ್ಮ ಅವನ ನೆನಪುಗಳ ಸಮೇತ ಒಬ್ಬ ಚಪ್ಪಲಿ ಹೊಲಿಯುವವನ ದೇಹಕ್ಕೆ ಬರುವುದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ನನಗೆ ಜಾಸ್ತಿ ಇಷ್ಟವಾಗೋದು ಕಿರುಬೆರಳು. ಕಿರುಬೆರಳನ್ನು ಕತ್ತರಿಸಿದರು ಅಂತ ಇಟ್ಟುಕೊಳ್ಳಿ. ನನ್ನ ಅರಿವೆಲ್ಲ ಆ ಬೆರಳಿನ ಜೊತೆ ಹೋಗಿ, ಉಳಿದ ಮೈಯನ್ನು ಬಿಟ್ಟರೆ? ಆಗ ಆ ಬೆರಳೇ ನಾನು. ಉಳಿದ ಮೈಗೂ ನನಗೂ ಸಂಬಂಧವಿಲ್ಲ. ಇದನ್ನು ಬರೆದವನು ವೈದ್ಯ ಅನ್ನೋದನ್ನು ಮರೆಯಬಾರದು. 1668ರಲ್ಲಿ ಅವನ ಆಶ್ರಯದಾತ ಆಶ್ಲಿ ಪ್ರಭುವಿನ ಯಕೃತ್ತಿನಲ್ಲಿ ಬಾವು ಬಂದಾಗ ಅದನ್ನು ಕುಯ್ದು ಕೀವು ಹೊರಹೋಗಲು ಕೊಳವೆ ಇಡಿಸಿದ ಚಿಕಿತ್ಸೆ ಲಾಕ್‌ನ ಉಸ್ತುವಾರಿಯಲ್ಲೇ ನಡೆದದ್ದು. ಮೈಯ ತುಂಡೊಂದು ಹೋದರೂ ಮನುಷ್ಯ ಬದುಕಬಹುದು ಅನ್ನೋದು ಅವನಿಗೆ ಕಣ್ಣಾರೆ ಗೊತ್ತಿತ್ತು.

ಇನ್ನೊಂದು ಗಿಳಿಯ ಕಥೆ. ಬ್ರೆಜಿಲ್‌ನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ರಾಜಕುಮಾರ ಒಂದು ಗಿಳಿಯನ್ನು ಮಾತಾಡಿಸಿದನಂತೆ. ಎಲ್ಲಿಂದ ಬಂದೆ ಅಂತ ಕೇಳಿದರೆ ಊರಿನ ಹೆಸರು ಹೇಳಿತಂತೆ. ಅಲ್ಲಿ ಏನು ಕೆಲಸ ಅಂದರೆ, ಕೋಳಿ ಕಾಯ್ತೀನಿ ಅಂತಂತೆ. ರಾಜಕುಮಾರ ನಕ್ಕ. ಗಿಳಿ ಬಿಡಲಿಲ್ಲ. ನನಗೆ ಆ ಕೆಲಸ ಚೆನ್ನಾಗಿ ಬರುತ್ತೆ ಅಂತ ಹೇಳಿ, ಕೋಳಿ ಕರೆಯುವ ಹಾಗೆ ನಾಲ್ಕೈದು ಸಲ ಸದ್ದು ಮಾಡಿ ತೋರಿಸಿತಂತೆ. ಲಾಕ್ ಇದನ್ನು ಗಂಭೀರವಾಗಿ, ಉದ್ದಕ್ಕೆ ಎತ್ತಿ ಬರೆದಿದ್ದಾನೆ. ಯಾಕೆ? ಅಂಥ ಗಿಳಿ ನಿಜವಾಗಿ ಇದ್ದರೂ ನಾವು ಅದನ್ನು ಮನುಷ್ಯ ಅಂತ ಕರೆಯೋದಿಲ್ಲ, ಜಾಣ ಗಿಳಿ ಅಂತೀವಿ. ಹಾಗಾದರೆ ಮನುಷ್ಯನಾಗಿರೋದು ಬೇರೆ, ವ್ಯಕ್ತಿಯಾಗಿರೋದು ಬೇರೆ. ಮೊದಲನೆಯದು ಮೈ, ಆಕಾರ, ಹುಟ್ಟು. ಎರಡನೆಯದು 'ನಾನು' ಅನ್ನೋ ಅರಿವು.

ಇಷ್ಟೆಲ್ಲ ಯಾಕೆ ಬೇಕಿತ್ತು ಅವನಿಗೆ? ಉತ್ತರ ಆ ಅಧ್ಯಾಯದ ಕೊನೆಯ ಹೊತ್ತಿಗೆ ಬರುತ್ತದೆ. ಲಾಕ್‌ಗೆ ಇದು ಕೋರ್ಟಿನ ವಿಷಯ. ವ್ಯಕ್ತಿ ಅನ್ನೋದು ಕಾನೂನಿನ ಮಾತು, ಹೊಗಳಿಕೆ ತೆಗಳಿಕೆ ಯಾರಿಗೆ ಸೇರಬೇಕು ಅಂತ ತೀರ್ಮಾನಿಸಲು ಬೇಕಾದದ್ದು ಅಂತ ಅವನೇ ಬಿಡಿಸಿ ಹೇಳುತ್ತಾನೆ. ಅವನ ಕಣ್ಣೆದುರು ಎರಡು ಕೋರ್ಟುಗಳಿದ್ದವು. ಒಂದು ಇಲ್ಲಿಯದು, ಜಡ್ಜು ಕೂರುವಂಥದ್ದು. ಇನ್ನೊಂದು ಕ್ರೈಸ್ತರ ಕೊನೆಯ ತೀರ್ಪಿನ ದಿನದ್ದು. ಸತ್ತವರೆಲ್ಲ ಎದ್ದು ನಿಲ್ಲುವ ದಿನ, ಯಾವ ದೇಹದಲ್ಲಿ ಏಳುತ್ತಾರೆ ಅನ್ನೋದು ಆಗಿನ ಕಾಲದಲ್ಲಿ ಸುಮ್ನೆ ಹರಟೆಯ ವಿಷಯವಾಗಿರಲಿಲ್ಲ. ವೂಸ್ಟರ್‌ನ ಬಿಷಪ್ ಸ್ಟಿಲಿಂಗ್‌ಫ್ಲೀಟ್ ಈ ವಿಷಯಕ್ಕೂ ಲಾಕ್ ಜೊತೆ ಪುಸ್ತಕಗಟ್ಟಲೆ ಜಗಳವಾಡಿದ. ಲಾಕ್ ಹೇಳಿದ್ದು: ದೇಹ ಯಾವುದಾದರೂ ಆಗಲಿ, ಆ ದಿನ ಎಲ್ಲರ ಮನಸ್ಸಿನ ಗುಟ್ಟು ಬಯಲಾಗುತ್ತದೆ. ತನಗೆ ಏನೂ ಗೊತ್ತಿಲ್ಲದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಇದೇ ಜಾಗದಲ್ಲಿ ನಮ್ಮಂಥ ಓದುಗರಿಗೆ ತಟ್ಟುವ ಒಂದು ಸಾಲಿದೆ. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಹಿಂದಿನ ಜನ್ಮದಲ್ಲಿ ಮಾಡಿದ್ದಕ್ಕೆ ಒಬ್ಬನಿಗೆ ಈಗ ಶಿಕ್ಷೆ ಕೊಡುತ್ತಿದ್ದಾರೆ, ಆದರೆ ಅವನಿಗೆ ಅದರ ಅರಿವು ಬರಲು ಸಾಧ್ಯವೇ ಇಲ್ಲ ಅಂತಾದರೆ, ಆ ಶಿಕ್ಷೆಗೂ, ಅವನನ್ನು ಹುಟ್ಟಿಸಿದ್ದೇ ದುಃಖಪಡಲಿಕ್ಕೆ ಅನ್ನೋದಕ್ಕೂ ಏನು ವ್ಯತ್ಯಾಸ ಅಂತ ಲಾಕ್ ಕೇಳುತ್ತಾನೆ. ಅವನ ಎದುರಿಗೆ ಇದ್ದವರು ನಾವಲ್ಲ. ಆತ್ಮ ಹುಟ್ಟಿಗೆ ಮೊದಲೇ ಇರುತ್ತದೆ ಅಂತ ನಂಬಿದ್ದ ಇಂಗ್ಲೆಂಡಿನ ಪ್ಲೇಟೋವಾದಿಗಳು. ತಾನು ಸಾಕ್ರಟೀಸನ ಆತ್ಮ ಅಂತ ನಂಬಿದ್ದ ಒಬ್ಬ ದೊಡ್ಡ ಹುದ್ದೆಯ ಮನುಷ್ಯನನ್ನು ಲಾಕ್ ಖುದ್ದಾಗಿ ಕಂಡಿದ್ದನಂತೆ. ಸರಿ, ಆದರೆ ಸಾಕ್ರಟೀಸ್ ಮಾಡಿದ್ದು ಒಂದೂ ನೆನಪಿಲ್ಲದಿದ್ದರೆ ನೀನು ಸಾಕ್ರಟೀಸ್ ಹೇಗಾಗುತ್ತೀಯ ಅನ್ನೋದು ಅವನ ಪ್ರಶ್ನೆ.

ಯಾವ ಮನೆಯಲ್ಲಿ ಈ ಮಾತು ಕೇಳಿಲ್ಲ ಹೇಳಿ, 'ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ನೋ' ಅಂತ? ಕರ್ಮ ಅಂದರೆ ಜಡ್ಜು ಕೊಡುವ ಶಿಕ್ಷೆಯಲ್ಲ, ಬಿತ್ತಿದ್ದು ಬೆಳೆಯುವ ಹಾಗೆ ತಾನೇ ಆಗೋದು ಅಂತ ನಮ್ಮ ಕಡೆಯವರು ಲಾಕ್‌ಗೆ ಉತ್ತರ ಕೊಡಬಹುದು. ವಾದವಾಗಿ ಅದು ಗಟ್ಟಿಯಾಗಿಯೇ ಇದೆ. ಆದರೆ ಆ ಮಾತು ಬಳಕೆಯಾಗೋ ಕಡೆ ನೋಡಿ. ಕಾಲು ಸೋತ ಮಗುವಿನ ತಾಯಿಯ ಮುಂದೆ ಅದನ್ನು ಯಾರಾದರೂ ಆಡಿದಾಗ ಅದು ತೀರ್ಪಾಗಿಯೇ ಕೇಳಿಸುತ್ತದೆ. ಅಲ್ಲಿ ನಾನು ಲಾಕ್ ಪಕ್ಷ.

ಇಲ್ಲಿಯ ಕೋರ್ಟಿನ ಕಡೆ ಬಂದರೆ ಲಾಕ್‌ಗೆ ಕಷ್ಟ ಶುರುವಾಗುತ್ತದೆ. ಕುಡಿದವನೊಬ್ಬ ರಾತ್ರಿ ಯಾರನ್ನೋ ಹೊಡೆದ. ಬೆಳಗ್ಗೆ ಎದ್ದಾಗ ಅವನಿಗೆ ಏನೂ ನೆನಪಿಲ್ಲ. ಲಾಕ್‌ನ ಸೂತ್ರದ ಪ್ರಕಾರ ಹೊಡೆದವನೂ ಎದ್ದವನೂ ಒಬ್ಬನೇ ವ್ಯಕ್ತಿಯಲ್ಲ. ಆದರೂ ಕೋರ್ಟು ಅವನನ್ನು ಶಿಕ್ಷಿಸುತ್ತದಲ್ಲ? ಹೌದು, ಅದು ಸರಿಯೇ ಅಂತಾನೆ ಲಾಕ್. ಯಾಕೆಂದರೆ ಹೊಡೆದದ್ದಕ್ಕೆ ಸಾಕ್ಷಿ ಇದೆ, ನೆನಪಿಲ್ಲ ಅನ್ನೋದಕ್ಕೆ ಸಾಕ್ಷಿ ಇಲ್ಲ. ನಿಜವಾಗಿ ಮರೆತಿದ್ದಾನಾ, ನಾಟಕ ಆಡ್ತಿದ್ದಾನಾ ಅಂತ ಜಡ್ಜಿಗೆ ಒಳಹೊಕ್ಕು ನೋಡಲು ಆಗೋದಿಲ್ಲ.

ಮೊಲಿನ್ಯೂ ಇದನ್ನು ಒಪ್ಪಲಿಲ್ಲ. ಕುಡಿಯೋದೇ ಒಂದು ಅಪರಾಧ, ಒಂದು ಅಪರಾಧ ಇನ್ನೊಂದಕ್ಕೆ ನೆಪವಾಗಲಾರದು, ಅದಕ್ಕೇ ಕುಡುಕನಿಗೆ ಶಿಕ್ಷೆ, ನಿದ್ದೆಯಲ್ಲಿ ನಡೆಯುವವನಿಗೆ ಇಲ್ಲ ಅಂತ ಬರೆದ. ಸಾಮಾನ್ಯ ಬುದ್ಧಿಗೆ ಮೊಲಿನ್ಯೂ ಮಾತೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಲಾಕ್‌ನ ಉತ್ತರದಲ್ಲಿ ಅವನಿಗೇ ಅರಿವಿಲ್ಲದೆ ಜಾರಿಬಂದ ಒಂದು ವಿಷಯವಿದೆ. ನೀನು ಯಾರು ಅನ್ನೋದಕ್ಕೆ ನಿಜವಾದ ಸಾಕ್ಷಿ ನೀನೊಬ್ಬನೇ. ಆದರೆ ತೀರ್ಪು ಬರೆಯೋದು ಮಾತ್ರ ಬೇರೆಯವರ ಸಾಕ್ಷಿಯ ಮೇಲೆ. ಈ ಎರಡರ ನಡುವಿನ ಬಿರುಕು ಆ ಅಧ್ಯಾಯದಲ್ಲಿ ಕೊನೆಯವರೆಗೂ ಮುಚ್ಚೋದಿಲ್ಲ.

ಮುಂದಿನ ನೂರು ವರ್ಷ ಎಲ್ಲರೂ ಲಾಕ್ ಮೇಲೆ ಮುಗಿಬಿದ್ದರು. ಅವನ ಪರ ಮೊದಲು ನಿಂತವರಲ್ಲಿ ಕ್ಯಾಥರೀನ್ ಟ್ರಾಟರ್ ಒಬ್ಬಳು. ನಾಟಕ ಬರೆಯುತ್ತಿದ್ದ ಇಪ್ಪತ್ತರ ಹರೆಯದ ಹೆಂಗಸು. 1702ರಲ್ಲಿ ಹೆಸರು ಹಾಕದೆ ಲಾಕ್ ಪರವಾಗಿ ಒಂದು ಪುಸ್ತಕ ತಂದಳು. ನಿದ್ದೆಯಲ್ಲಿ ಆತ್ಮ ಯೋಚಿಸೋದಿಲ್ಲ ಅಂದರೆ ದಿನಾ ಬೆಳಗ್ಗೆ ಹೊಸ ಆತ್ಮ ಬರುತ್ತಾ ಅಂತ ಕೇಳಿದವರಿಗೆ ಅವಳು ಕೊಟ್ಟ ಉತ್ತರ ಚುಟುಕು: ಚಲಿಸುತ್ತಿದ್ದ ವಸ್ತು ನಿಂತು ಮತ್ತೆ ಚಲಿಸಿದರೆ ಅದು ಬೇರೆ ವಸ್ತುವಾಗುತ್ತದಾ? ಬರೆದವರು ಯಾರು ಅಂತ ಪತ್ತೆಯಾದ ಮೇಲೆ ಲಾಕ್ ಅವಳಿಗೆ ಕೃತಜ್ಞತೆಯ ಕಾಗದವನ್ನೂ ಉಡುಗೊರೆಯನ್ನೂ ಕಳಿಸಿದ.

1706ರಿಂದ 1708ರವರೆಗೆ ಸ್ಯಾಮುಯೆಲ್ ಕ್ಲಾರ್ಕ್ ಅನ್ನೋ ಪಾದ್ರಿಗೂ ಲಾಕ್‌ನ ಕಿರಿಯ ಗೆಳೆಯ ಆಂಟನಿ ಕಾಲಿನ್ಸ್‌ಗೂ ಕರಪತ್ರಗಳಲ್ಲೇ ಕುಸ್ತಿ ನಡೆಯಿತು. ಮೆದುಳಿನ ಕಣಗಳು ಬದಲಾಗುತ್ತಾ ಹೋದರೂ ಹಳೆಯವು ಹೊಸವಕ್ಕೆ ನೆನಪನ್ನು ದಾಟಿಸುತ್ತವೆ, ಅಷ್ಟು ಸಾಕು ಅಂದ ಕಾಲಿನ್ಸ್. ಹಾಗಾದರೆ ದೇವರು ಮನಸ್ಸು ಮಾಡಿದರೆ ಅದೇ ಅರಿವನ್ನು ನೂರು ಮೈಗಳಿಗೆ ಕೊಡಬಹುದು, ನೂರೂ ಒಬ್ಬನೇ ವ್ಯಕ್ತಿಯಾ ಅಂತ ಕ್ಲಾರ್ಕ್ ಕೇಳಿದ. ಮನುಷ್ಯನ ಮನಸ್ಸನ್ನು ಕಂಪ್ಯೂಟರಿಗೆ ಇಳಿಸಿ ಎರಡು ಪ್ರತಿ ತೆಗೆದರೆ ಅಂತ ಇವತ್ತು ಕೇಳುವವರು ಇದು ಹೊಸ ಪ್ರಶ್ನೆ ಅಂದುಕೊಂಡಿದ್ದಾರೆ. ಮುನ್ನೂರು ವರ್ಷ ಆಗಿದೆ. ಆಗಿನ ಹಾಸ್ಯಗಾರರೂ ಸುಮ್ಮನಿರಲಿಲ್ಲ. 1741ರಲ್ಲಿ ಅಚ್ಚಾದ ಒಂದು ವಿಡಂಬನೆಯಲ್ಲಿ ಸರ್ ಜಾನ್ ಕಟ್ಲರ್ ಅನ್ನೋ ಜಿಪುಣನ ಕಪ್ಪು ಉಣ್ಣೆಯ ಕಾಲುಚೀಲ ಬರುತ್ತದೆ. ಹರಿದಾಗಲೆಲ್ಲ ಕೆಲಸದವಳು ರೇಷ್ಮೆ ದಾರದಲ್ಲಿ ಹೊಲಿದೂ ಹೊಲಿದೂ ಕೊನೆಗೆ ಅದು ಪೂರ್ತಿ ರೇಷ್ಮೆಯ ಕಾಲುಚೀಲವೇ ಆಗಿಹೋಯಿತಂತೆ. ಆ ಕಾಲುಚೀಲಕ್ಕೆ ಅರಿವಿದ್ದಿದ್ದರೆ ತಾನು ಹಳೆಯದೇ ಅಂತ ಖಂಡಿತ ಹೇಳುತ್ತಿತ್ತು ಅಂತ ಕಾಲಿನ್ಸ್ ಕಾಲೆಳೆದರು.

ಬಿಷಪ್ ಬಟ್ಲರ್ 1736ರಲ್ಲಿ ಹೇಳಿದ್ದು ಒಂದೇ ಮಾತು, ಆದರೆ ಗುರಿಗೆ ತಾಗುವ ಮಾತು. ಅದು ನನ್ನ ನೆನಪು ಅಂತ ಹೇಳಬೇಕಾದರೆ ಅದಕ್ಕೂ ಮುಂಚೆ 'ನಾನು' ಇರಬೇಕಲ್ಲ? ನೆನಪು ನನ್ನನ್ನು ತೋರಿಸಬಹುದು, ಹುಟ್ಟಿಸಲಾರದು.

ಥಾಮಸ್ ರೀಡ್ ಇದನ್ನು ಕಥೆ ಮಾಡಿದ. ಗ್ಲಾಸ್ಗೋದಲ್ಲಿ ಆಡಂ ಸ್ಮಿತ್ ಬಿಟ್ಟ ಪೀಠಕ್ಕೆ ಬಂದ ಮೇಷ್ಟ್ರು. ಈ ಕಥೆಯಿರುವ ಅವನ ಪುಸ್ತಕ ಬಂದಾಗ, 1785ರಲ್ಲಿ, ಅವನಿಗೆ ಎಪ್ಪತ್ತೈದು. ಒಬ್ಬ ಹುಡುಗ ತೋಟಕ್ಕೆ ನುಗ್ಗಿ ಹಣ್ಣು ಕದ್ದು ಶಾಲೆಯಲ್ಲಿ ಏಟು ತಿಂದ. ದೊಡ್ಡವನಾಗಿ ಸೈನ್ಯ ಸೇರಿ ಮೊದಲ ಯುದ್ಧದಲ್ಲೇ ಶತ್ರುವಿನ ಬಾವುಟ ಕಿತ್ತು ತಂದ. ಮುದಿ ವಯಸ್ಸಿಗೆ ಜನರಲ್ ಆದ. ಬಾವುಟ ಕಿತ್ತಾಗ ಶಾಲೆಯ ಏಟು ನೆನಪಿತ್ತು. ಜನರಲ್ ಆದಾಗ ಬಾವುಟ ನೆನಪಿದೆ, ಏಟು ಪೂರ್ತಿ ಮರೆತಿದೆ. ಲಾಕ್ ಲೆಕ್ಕದಲ್ಲಿ ಜನರಲ್ಲೂ ಬಾವುಟದವನೂ ಒಬ್ಬನೇ, ಬಾವುಟದವನೂ ಹುಡುಗನೂ ಒಬ್ಬನೇ, ಆದರೆ ಜನರಲ್ ಮಾತ್ರ ಆ ಹುಡುಗನಲ್ಲ. ಗಣಿತ ಕೆಟ್ಟುಹೋಯಿತು.

ರೀಡ್ ಗೆದ್ದ ಅಂತ ಪಾಠಪುಸ್ತಕಗಳಲ್ಲಿ ಬರೆಯುತ್ತಾರೆ. ಇರಬಹುದು. ನನಗೆ ಆ ಕಥೆಯಲ್ಲಿ ಕಾಣುವುದು ಇನ್ನೊಂದು. ಹುಡುಗನಿಗೆ ಹೊಡೆದ ಮೇಷ್ಟ್ರು ಎಲ್ಲಿ? ಹಣ್ಣಿನ ತೋಟದ ಯಜಮಾನ? ಜೊತೆಗೆ ಬೇಲಿ ಹಾರಿದ ಗೆಳೆಯ? ಅವರಲ್ಲಿ ಒಬ್ಬನನ್ನು ಕರೆದು ಕೇಳಿದರೆ ಹೇಳುತ್ತಿರಲಿಲ್ಲವೇ, 'ಏ, ಈ ಜನರಲ್ಲು ಅವನೇ ಕಣಯ್ಯಾ' ಅಂತ? ರೀಡ್ ಕಥೆಯಲ್ಲಿ ಆ ಮನುಷ್ಯ ಒಂಟಿ. ಅವನ ತಲೆಯೊಳಗೆ ಇದ್ದದ್ದಷ್ಟೇ ಲೆಕ್ಕ.

ಈ ಅಕ್ಕಪಕ್ಕದ ಜನರನ್ನು ಒಳಗೆ ಕರೆದವನು ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಜ್. ಲಾಕ್ ಪುಸ್ತಕವನ್ನು ಫ್ರೆಂಚ್ ಅನುವಾದದಲ್ಲಿ ಓದಿ, ಸಾಲುಸಾಲಿಗೂ ಉತ್ತರ ಕೊಡುವ ಹಾಗೆ ಒಂದು ಸಂವಾದ ಬರೆದ. ಅಷ್ಟರಲ್ಲಿ ಲಾಕ್ ಸತ್ತ. ಉತ್ತರ ಕೊಡಲಾಗದವನ ಮೇಲೆ ಪುಸ್ತಕ ಹಾಕೋದು ಸರಿಯಲ್ಲ ಅಂತ ಲೈಬ್ನಿಜ್ ಅದನ್ನು ಹಾಗೇ ಇಟ್ಟುಬಿಟ್ಟ. ಅಚ್ಚಾದದ್ದು 1765ರಲ್ಲಿ, ಅವನೇ ಸತ್ತು ಸುಮಾರು ಐವತ್ತು ವರ್ಷದ ಮೇಲೆ. ಅದರಲ್ಲಿ ಒಂದು ಪುಟ್ಟ ಮಾತಿದೆ. ಕಾಯಿಲೆ ಬಂದು ನನ್ನ ನೆನಪು ಕಡಿದುಹೋದರೆ, ನಾನು ಈ ಸ್ಥಿತಿಗೆ ಹೇಗೆ ಬಂದೆ ಅಂತ ಗೊತ್ತಿಲ್ಲದಿದ್ದರೆ, ಬೇರೆಯವರ ಸಾಕ್ಷಿ ಆ ಖಾಲಿ ಜಾಗ ತುಂಬುತ್ತದೆ. ನನ್ನ ಹೆಸರನ್ನೂ ಓದು ಬರಹವನ್ನೂ ಹೊಸದಾಗಿ ಕಲಿಯಬೇಕಾಗಿ ಬಂದರೂ, ನನ್ನ ಹಿಂದಿನ ಬದುಕನ್ನು ಬೇರೆಯವರಿಂದ ತಿಳಿದುಕೊಳ್ಳಬಹುದು. ನನ್ನ ಹಕ್ಕುಗಳೂ ನನ್ನ ಬಳಿಯೇ ಉಳಿಯುತ್ತವೆ. ನನ್ನನ್ನು ಎರಡು ವ್ಯಕ್ತಿ ಮಾಡಿ, ನನಗೆ ನಾನೇ ವಾರಸುದಾರ ಆಗಬೇಕಾದ ಪರಿಸ್ಥಿತಿ ಬರೋದಿಲ್ಲ.

ಲೈಬ್ನಿಜ್ ಇದನ್ನು ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಅವನಿಗೆ ಮುಖ್ಯವಾದದ್ದು ಬೇರೆ, ಆತ್ಮದ ಅಚ್ಚಳಿಯದ ಗುರುತು. ನನಗೆ ಮಾತ್ರ ಇಡೀ ಜಗಳದಲ್ಲಿ ಇದೇ ಬದುಕಿಗೆ ಹತ್ತಿರದ ಮಾತು. ನಾವು ಹುಟ್ಟಿದ್ದು ನಮಗೆ ನೆನಪಿಲ್ಲ. ತೊಟ್ಟಿಲಲ್ಲಿದ್ದದ್ದು ನಾನೇ ಅಂತ ಗೊತ್ತಾದದ್ದು ಅಮ್ಮ ಹೇಳಿದ್ದರಿಂದ.

ತಾಲ್ಲೂಕು ಕಚೇರಿ ಕಂಡವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ನಮ್ಮ ದೊಡ್ಡಪ್ಪ ಹೋದ ಮೇಲೆ ಜಮೀನಿನ ಪೌತಿ ಖಾತೆಗೆ ಓಡಾಡಿದವನು ನಾನು. ದೊಡ್ಡಮ್ಮನ ಹೆಸರು ಪಹಣಿಯಲ್ಲಿ ಲಕ್ಕಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ. ಮೂವರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ ಅಂದರು. ಕಚೇರಿ ಎದುರಿನ ಟೈಪಿಂಗ್ ಅಂಗಡಿಯವನ ಹತ್ತಿರ ಇದಕ್ಕೆ ಮಾದರಿ ಸಿದ್ಧವಾಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಛಾಪಾ ಕಾಗದದ ಮೇಲೆ 'ಮೇಲ್ಕಂಡ ಮೂರೂ ಹೆಸರುಗಳು ಒಬ್ಬಳೇ ವ್ಯಕ್ತಿಯಾದ ನನ್ನವೇ ಆಗಿರುತ್ತವೆ' ಅಂತ ಅಚ್ಚಾಗಿ ಬಂತು. ನೋಟರಿ ಮುಂದೆ ಹೆಬ್ಬೆಟ್ಟು ಒತ್ತುವಾಗ ದೊಡ್ಡಮ್ಮ, 'ನಾನೇ ನಾನು ಅಂತ ಬರ್ಕೊಡಕ್ಕೂ ದುಡ್ಡಾ ಮಗಾ?' ಅಂದರು. ಅಲ್ಲಿದ್ದವರೆಲ್ಲ ನಕ್ಕರು. ಅಷ್ಟಾದರೂ ಕೆಲಸವಾಗಲಿಲ್ಲ. ಈಕೆ ಇಂಥವರ ಹೆಂಡತಿ ಹೌದು ಅಂತ ಊರಿನವರು ಪಂಚನಾಮೆಗೆ ಸಹಿ ಹಾಕಿದ ಮೇಲೆಯೇ ಕಾಗದ ಮುಂದಕ್ಕೆ ಹೋದದ್ದು. ದೊಡ್ಡಮ್ಮನ ನೆನಪು ಚೆನ್ನಾಗಿಯೇ ಇತ್ತು. ಯಾವ ಗದ್ದೆಯಲ್ಲಿ ಯಾವ ವರ್ಷ ಏನು ಬೆಳೆದರು ಅಂತ ಪಟಪಟ ಹೇಳಬಲ್ಲವರು. ಅದನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ಲೈಬ್ನಿಜ್ ಮಾತಿಗೂ ಇನ್ನೊಂದು ಮುಖವಿದೆ. ಬೇರೆಯವರ ಸಾಕ್ಷಿ ನನ್ನನ್ನು ಉಳಿಸಬಹುದು. ಅವರು ಬಾಯಿ ಬಿಡದಿದ್ದರೆ ಅಥವಾ ಬೇರೆ ಏನೋ ಹೇಳಿದರೆ?

ಅದಕ್ಕೆ ಬರುವ ಮೊದಲು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ವಿಷಯ ಹೇಳಬೇಕು. ಅವನನ್ನು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. 1739ರಲ್ಲಿ, ಇನ್ನೂ ಮೂವತ್ತು ತುಂಬದ ಹುಡುಗ, ಪುಸ್ತಕವೊಂದರಲ್ಲಿ ಇಡೀ ಕೋರ್ಟನ್ನೇ ಬರಖಾಸ್ತು ಮಾಡಿದ. ನನ್ನೊಳಗೆ ಇಣುಕಿ ನೋಡಿದಾಗೆಲ್ಲ ನನಗೆ ಸಿಗುವುದು ಒಂದು ಬಿಸಿ, ಒಂದು ಚಳಿ, ಒಂದು ಸಿಟ್ಟು, ಒಂದು ನೋವು. ಇವುಗಳ ಹಿಂದೆ ನಿಂತ 'ನಾನು' ಮಾತ್ರ ಎಂದೂ ಕೈಗೆ ಸಿಗೋದಿಲ್ಲ. ಅನುಭವಗಳ ಒಂದು ಕಂತೆ, ಅಷ್ಟೇ. ನಾವು ಅದನ್ನು ಒಂದು ಅಂದುಕೊಳ್ಳುವುದು ಕಲ್ಪನೆಯ ಕೆಲಸ.

ಇದನ್ನು ಅವನು ಹೆಚ್ಚಾಗಿ ಬರೆದದ್ದು ಫ್ರಾನ್ಸಿನ ಲಾ ಫ್ಲೆಶ್ ಅನ್ನೋ ಸಣ್ಣ ಊರಿನಲ್ಲಿ. ಡೆಕಾರ್ಟ್ ಓದಿದ ಜೆಸುಯಿಟ್ ಕಾಲೇಜು ಅಲ್ಲಿಯೇ ಇತ್ತು. ಆ ಕಾಲಕ್ಕೆ ಅಲ್ಲಿ ಡೋಲು ಅನ್ನೋ ಮುದಿ ಪಾದ್ರಿಯೊಬ್ಬ ಇದ್ದ. ಸಯಾಮ್ ದೇಶಕ್ಕೂ (ಈಗಿನ ಥಾಯ್ಲೆಂಡ್) ನಮ್ಮ ಪುದುಚೇರಿಗೂ ಹೋಗಿ ಬಂದವನು. ಬೌದ್ಧರ ಅನಾತ್ಮದ ವಿಚಾರ ಅವನ ಬಾಯಿಂದ ಹ್ಯೂಮ್ ಕಿವಿಗೆ ಬಿದ್ದಿರಬಹುದು ಅಂತ ಒಬ್ಬ ವಿದ್ವಾಂಸೆ ಊಹಿಸಿದ್ದಾರೆ. ಊಹೆ ಊಹೆಯೇ. ಆದರೂ ಅದನ್ನು ಓದಿ ನನಗೆ ಖುಷಿಯಾಯಿತು ಅಂತ ಹೇಳಿಕೊಳ್ಳಲು ನಾಚಿಕೆ ಯಾಕೆ.

ಹ್ಯೂಮ್‌ನಲ್ಲಿ ನನಗೆ ಮೆಚ್ಚುಗೆ ಇರೋದು ಕಂತೆಯ ಮಾತಿಗಿಂತ ಮುಂದಿನ ವರ್ಷದ ಮಾತಿಗೆ. 1740ರಲ್ಲಿ ಅದೇ ಪುಸ್ತಕದ ಮೂರನೇ ಸಂಪುಟದ ಕೊನೆಗೆ ಒಂದು ಅನುಬಂಧ ಸೇರಿಸಿ, ಈ ವಿಷಯದಲ್ಲಿ ತಾನು ಬರೆದದ್ದನ್ನು ಮತ್ತೆ ನೋಡಿದೆ, ದಾರಿ ಕಾಣದ ಸುಳಿಯಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಬಿಡಿ ಅನುಭವಗಳು ಹೇಗೆ ಒಂದಾಗಿ ಕೂಡುತ್ತವೆ ಅಂತ ತನಗೆ ತಿಳಿಯುತ್ತಿಲ್ಲ ಅಂತ ಒಪ್ಪಿಕೊಂಡ. ಇಪ್ಪತ್ತೊಂಬತ್ತನೇ ವಯಸ್ಸಿಗೇ ಹೀಗೆ ಅಚ್ಚಿನಲ್ಲಿ ಹೇಳುವವರು ಎಷ್ಟು ಜನ? ಆಮೇಲೆ ಅವನು ಈ ವಿಷಯವನ್ನು ಮತ್ತೆ ಅಚ್ಚಿನಲ್ಲಿ ಎತ್ತಲೇ ಇಲ್ಲ.

ಈಗ ಸಾಕ್ಷಿಯ ಪ್ರಶ್ನೆಗೆ ಮರಳೋಣ, ಲಾಕ್ ಕಡೆಯಿಂದಲೇ. ವ್ಯಕ್ತಿ ಅಂದರೆ ತನ್ನನ್ನು ತಾನು ಗುರುತಿಸಿಕೊಳ್ಳುವ ಜೀವಿ, ಮೈಯ ಆಕಾರ ಲೆಕ್ಕಕ್ಕಿಲ್ಲ ಅಂತ ಬರೆದ ಲಾಕ್, ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಕೊಂಡಿದ್ದ. ಅಮೆರಿಕದ ಕ್ಯಾರೊಲಿನಾ ಪ್ರಾಂತ್ಯದ ಒಡೆಯರಿಗೆ ಅವನು ಕಾರ್ಯದರ್ಶಿ. 1669ರ ಅಲ್ಲಿಯ ಮೂಲ ಕಟ್ಟಳೆ ಬರೆಯುವುದರಲ್ಲಿ ಅವನ ಕೈಯೂ ಇತ್ತು. ಪ್ರತಿಯೊಬ್ಬ ಸ್ವತಂತ್ರ ಮನುಷ್ಯನಿಗೂ ತನ್ನ ಕಪ್ಪು ಗುಲಾಮರ ಮೇಲೆ ಪೂರ್ತಿ ಅಧಿಕಾರ ಇರುತ್ತದೆ ಅಂತ ಅದರಲ್ಲಿದೆ. ಗಿಳಿಗೂ ಅರಿವಿದ್ದರೆ ಏನಾಗುತ್ತದೆ ಅಂತ ಪುಟಗಟ್ಟಲೆ ಯೋಚಿಸಿದ ಮನುಷ್ಯ! ಆ ಕಾಲವೇ ಹಾಗಿತ್ತು ಅಂತ ತೇಲಿಸಿಬಿಡಲು ನನಗೆ ಮನಸ್ಸಾಗೋದಿಲ್ಲ. ಅವನದೇ ವ್ಯಾಖ್ಯಾನ ಅವನ ಎದುರು ಸಾಕ್ಷಿ ನಿಲ್ಲುತ್ತದೆ.

ಅದಾಗಿ ನೂರಿಪ್ಪತ್ತು ವರ್ಷಕ್ಕೆ, 1789ರಲ್ಲಿ, ಲಂಡನ್ನಿನಲ್ಲಿ ಒಂದು ಆತ್ಮಕಥೆ ಬಂತು. ಬರೆದವನು ಗುಲಾಮನಾಗಿದ್ದು ತನ್ನ ಬಿಡುಗಡೆಯನ್ನು ತಾನೇ ದುಡ್ಡು ಕೊಟ್ಟು ಕೊಂಡುಕೊಂಡವನು. ಪುಸ್ತಕದ ಮುಖಪುಟದಲ್ಲಿ ಎರಡು ಹೆಸರಿದೆ, ನಮ್ಮ ಕಚೇರಿ ಕಾಗದಗಳ ಹಾಗೆ: ಒಲೌಡಾ ಇಕ್ವಿಯಾನೊ ಉರುಫ್ ಗುಸ್ಟಾವಸ್ ವಾಸಾ, ಆಫ್ರಿಕದವನು. ಒಂದು ಹಡಗಿನಲ್ಲಿ ಅವನನ್ನು ಮೈಕೆಲ್ ಅಂದರು. ವರ್ಜೀನಿಯಾದಲ್ಲಿ ಜೇಕಬ್ ಅಂದರು. ಕೊಂಡುಕೊಂಡ ನೌಕಾಪಡೆಯ ಅಧಿಕಾರಿ ಸ್ವೀಡನ್ನಿನ ಹಳೆಯ ರಾಜನ ಹೆಸರು, ಗುಸ್ಟಾವಸ್ ವಾಸಾ, ಇಟ್ಟ. ಹುಡುಗ ತಾನು ಜೇಕಬ್ ಅಂತಲೇ ಇರುತ್ತೇನೆ ಅಂದ. ಒಪ್ಪುವವರೆಗೂ ಏಟು ಬಿತ್ತು.

ಪುಸ್ತಕದ ಮೊದಲಿಗೆ ಅವನು ಆಫ್ರಿಕದ ಇಗ್ಬೊ ಸೀಮೆಯಲ್ಲಿ ಕಳೆದ ಬಾಲ್ಯ, ತಂಗಿಯ ಜೊತೆ ತನ್ನನ್ನು ಕದ್ದೊಯ್ದದ್ದು, ಹಡಗಿನ ತಳದ ನಾತ, ಎಲ್ಲವನ್ನೂ ಹೇಳುತ್ತಾನೆ. ಆದರೆ 1759ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಸೇಂಟ್ ಮಾರ್ಗರೆಟ್ ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಕ್ಯಾರೊಲಿನಾದಲ್ಲಿ ಹುಟ್ಟಿದವನು ಅಂತ ಬರೆದಿದೆ. ಈಗಿನ ಇತಿಹಾಸಕಾರರು ಇದರ ಮೇಲೆ ಎರಡು ಪಂಗಡವಾಗಿದ್ದಾರೆ. ಆಫ್ರಿಕದ ಭಾಗ ಕಲ್ಪನೆಯೇ ಇರಬಹುದು ಅಂತ ಕೆಲವರು. ಬೇರೆಯವರ ಮಾತು ಕೇಳಿ ಗುಮಾಸ್ತ ಬರೆದುಕೊಂಡದ್ದನ್ನು ಯಾಕೆ ನಂಬಬೇಕು ಅಂತ ಇನ್ನು ಕೆಲವರು. ನೆನಪು ಒಂದು ಹೇಳುತ್ತದೆ, ರಿಜಿಸ್ಟರ್ ಇನ್ನೊಂದು. ಲಾಕ್‌ನ ಬಿರುಕು ಇಲ್ಲಿ ಒಬ್ಬ ಜೀವಂತ ಮನುಷ್ಯನ ಮೈಮೇಲೆ ಬಂದು ನಿಂತಿದೆ. ನನ್ನ ಒಲವು ಅವನ ಕಡೆಗೇ. ಮಗ್ಗಿ ಹೇಳಿದ ಹಾಗೆ ಹೆಸರು ಬದಲಿಸಿದವರ ರಿಜಿಸ್ಟರಿಗೆ ನಾನು ಜಾಸ್ತಿ ಬೆಲೆ ಕೊಡಲಾರೆ.

ಅವನ ಕಾಲದಲ್ಲೇ ಈ ಆರೋಪ ಬಂದಿತ್ತು. 1792ರಲ್ಲಿ ಲಂಡನ್ನಿನ ಎರಡು ಪತ್ರಿಕೆಗಳು, ಇವನು ಆಫ್ರಿಕದವನೇ ಅಲ್ಲ, ವೆಸ್ಟ್ ಇಂಡೀಸಿನ ಸಾಂತಾ ಕ್ರೂಸ್ ದ್ವೀಪದಲ್ಲಿ ಹುಟ್ಟಿದವನು ಅಂತ ಬರೆದವು. ಗುಲಾಮ ವ್ಯಾಪಾರ ನಿಲ್ಲಿಸಬೇಕಾ ಬೇಡವಾ ಅಂತ ಪಾರ್ಲಿಮೆಂಟಿನಲ್ಲಿ ಬಿಸಿ ಚರ್ಚೆ ನಡೆಯುತ್ತಿದ್ದ ವರ್ಷ ಅದು. ಅವನ ನೆನಪನ್ನು ಸುಳ್ಳು ಮಾಡಿದರೆ ಯಾರಿಗೆ ಲಾಭ ಅನ್ನೋದು ಗುಟ್ಟಾಗಿರಲಿಲ್ಲ. ನನ್ನ ನೆನಪೇ ಸಾಕು ಅಂತ ಅವನು ಹಟ ಹಿಡಿಯಲಿಲ್ಲ. ಅದರಿಂದ ಕೆಲಸವಾಗೋದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಮುಂದಿನ ಆವೃತ್ತಿಗಳಲ್ಲಿ ಪುಸ್ತಕದ ಮೊದಲಿಗೇ ಉತ್ತರ ಹಾಕಿದ. ತಾನು ಇಂಗ್ಲೆಂಡಿಗೆ ಮೊದಲ ಸಲ ಬಂದಾಗ ಆಫ್ರಿಕದ ಭಾಷೆ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ, ಆಗ ತನ್ನನ್ನು ಕಂಡ ಮರ್ಯಾದಸ್ಥರು ಇನ್ನೂ ಇದ್ದಾರೆ, ಅವರನ್ನು ಕೇಳಿ ಅಂದ. ಜೊತೆಗೆ ತನ್ನನ್ನು ಬಲ್ಲವರ ಕಾಗದಗಳನ್ನೂ ಅಚ್ಚು ಹಾಕಿಸಿದ. ಅವನು ಬದುಕಿರುವಾಗಲೇ ಪುಸ್ತಕ ಒಂಬತ್ತು ಆವೃತ್ತಿ ಕಂಡಿತು.